ದೀಪದ ಹೊತ್ತಿಗೆ ನಿಲ್ಲುವ ಕಾರು

ಜ್ವರ ಬಂದವರ ಹಣೆಗೆ ಒದ್ದೆ ಬಟ್ಟೆ ಹಾಕಿ ಪಕ್ಕದಲ್ಲಿ ಕಾದು ಕೂರುವವರನ್ನು ನೀವು ಕಂಡಿರಬಹುದು. ಆದಿರಾಜಣ್ಣ ತಮ್ಮ ಕಾರಿನ ಬಾನೆಟ್ಟಿಗೆ ಹಾಗೆ ಒಂದು ಒದ್ದೆ ಬೈರಾಸು ಹಾಕಿ, ಪಕ್ಕದ ಕಲ್ಲಿನ ಮೇಲೆ ಕೂತಿರುತ್ತಿದ್ದರು. ಬೈರಾಸಿನ ಅಡಿಯಲ್ಲಿ ಒಣಗಿದ ಕಾಗೆಯ ಹಿಕ್ಕೆ. ಅದು ತಾನಾಗಿ ನೆನೆದು ಮೆತ್ತಗಾಗುವವರೆಗೆ, ಬಾಡಿಗೆಗೆ ಜನ ಬಂದು ನಿಂತರೂ, ಅವರು ಏಳುತ್ತಿರಲಿಲ್ಲ.

"ಅರ್ಜೆಂಟುಂಟು ಮಾರಾಯ್ರೆ, ಉಗುರಲ್ಲಿ ಕೆರೆದ್ರೆ ಹೋಗ್ತದಲ್ಲ" ಎಂದು ಯಾರೋ ಒಬ್ಬರು ಹೇಳಿದ್ದಕ್ಕೆ, "ನಿಮ್ಮ ಮೊಣಕೈಯಲ್ಲಿ ಒಣಗಿದ ಗಾಯ ಉಂಟಲ್ಲ, ಮೊದಲು ಅದನ್ನು ಕೆರೆದು ತೋರಿಸಿ. ಮತ್ತೆ ಹೋಗುವ" ಎಂದಿದ್ದರು.

ಐವತ್ತರ ದಶಕದ ಕೊನೆಯಲ್ಲಿ ನಾನು ಲಾಯಿಲದ ಹತ್ತಿರದ ಶಾಲೆಯೊಂದರಲ್ಲಿ ಚಿಕ್ಕ ಮಕ್ಕಳಿಗೆ ಟೀಚರಾಗಿದ್ದೆ. ಬೆಳ್ತಂಗಡಿ ಪೇಟೆಯಲ್ಲಿ ಒಂದು ಕೋಣೆ ಹಿಡಿದಿದ್ದೆ. ಅದರ ಕಿಟಕಿ ತೆರೆದರೆ ಕಾಣುತ್ತಿದ್ದದ್ದು ಆದಿರಾಜಣ್ಣನ ಕಪ್ಪು ಆಸ್ಟಿನ್. ಅವರು ಜೈನರು, ಆಗಲೇ ಐವತ್ತು ದಾಟಿದವರು. ಬಿಳಿ ಪಂಚೆ, ಬಿಳಿ ಅಂಗಿ, ಕಿವಿಯಲ್ಲಿ ಕೆಂಪು ಒಂಟಿ. ಊರವರೊಡನೆ ತುಳು, ನನ್ನೊಡನೆ ಮಾತ್ರ ಕನ್ನಡ. ಟೀಚರಿಗೆ ಕೊಡುವ ಮರ್ಯಾದೆ ಅದು ಎಂದು ಅವರ ಲೆಕ್ಕ.

ವರ್ಷಕ್ಕೊಮ್ಮೆ ದೀಪಾವಳಿಯ ಮುಂಚೆ ಆ ಕಾರು ಮಂಗಳೂರಿಗೆ ಹೋಗಿ, ಪಾಲಿಶಿನವನ ಕೈಯಲ್ಲಿ ಮೇಣ ಹಚ್ಚಿಸಿಕೊಂಡು ಬರುತ್ತಿತ್ತು. ಬಂದ ದಿನ ಅದರ ಬಾಗಿಲಲ್ಲಿ ಮುಖ ನೋಡಿ ಬೊಟ್ಟು ಇಟ್ಟುಕೊಳ್ಳಬಹುದಿತ್ತು. ಯಾರಾದರೂ ಪಾಲಿಶಿನವನನ್ನು ಹೊಗಳಿದರೆ ಆದಿರಾಜಣ್ಣನಿಗೆ ಸಿಟ್ಟು. "ಅವ ಒಂದು ದಿನ ಉಜ್ಜಿ ಕೊಡ್ತಾನೆ. ಉಳಿದ ವರ್ಷ ಇಡೀ ಯಾರು? ಮದುವೆ ಮಾಡಿಸಿದ ಪುರೋಹಿತರು ಸಂಸಾರ ಮಾಡ್ಲಿಕ್ಕೆ ಬರ್ತಾರಾ?"

ಅವರ ಸಂಸಾರ ನಿಜಕ್ಕೂ ಕಷ್ಟದ್ದೇ. ಬೇಸಿಗೆಯಲ್ಲಿ ನಮ್ಮ ಮುರಕಲ್ಲಿನ ರಸ್ತೆಯ ಕೆಂಪು ಧೂಳು, ಮಳೆಗಾಲದಲ್ಲಿ ಅದೇ ಧೂಳಿನ ಕೆಸರು. ಧೂಳು ಒಣಗಿದ್ದಾಗ ಬಟ್ಟೆ ಮುಟ್ಟಿಸಬಾರದು ಎಂಬುದು ಅವರ ಮೊದಲ ಪಾಠ. ಚೆಂಬಿನಲ್ಲಿ ಮೇಲಿನಿಂದ ನೀರು ಬಿಟ್ಟು ಅದು ತಾನೇ ಇಳಿಯಬೇಕು. ಜೈನರ ಮನೆಯಲ್ಲಿ ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸುತ್ತಾರಲ್ಲ, ಇವರು ಕಾರು ತೊಳೆಯುವ ನೀರನ್ನೂ ಸೋಸುತ್ತಿದ್ದರು. ಹುಳ ಸಾಯಬಾರದೆಂದು ಶುರುವಾದದ್ದು. ಬಾವಿಯ ಮರಳೂ ಬಟ್ಟೆಯಲ್ಲಿ ಉಳಿದು ಬಣ್ಣಕ್ಕೆ ಗೀರು ಬೀಳುವುದು ತಪ್ಪುತ್ತದೆ ಎಂದು ಮತ್ತೆ ಗೊತ್ತಾಯಿತಂತೆ. ಅಂಟುವಾಳದ ನೊರೆ ಬಿಟ್ಟರೆ ಬೇರೆ ಸಾಬೂನು ಇಲ್ಲ. ಹಲಸಿನ ಮೇಣ ತಾಗಿದರೆ ತೆಂಗಿನೆಣ್ಣೆ. ಚಕ್ರಕ್ಕೆ ಬೇರೆ ಬಟ್ಟೆ, ಮೈಗೆ ಬೇರೆ ಬಟ್ಟೆ. ಎರಡನ್ನೂ ಒಂದೇ ಹಗ್ಗದಲ್ಲಿ ಒಣ ಹಾಕುತ್ತಲೂ ಇರಲಿಲ್ಲ. ನೆರಳು ಬೇಕು, ಆದರೆ ಮರ ಬೇಡ, ಮರದಲ್ಲಿ ಕಾಗೆ. ಆದ್ದರಿಂದ ಜವಳಿ ಅಂಗಡಿಯ ಗೋಡೆಯ ನೆರಳಿನಲ್ಲಿ ಕಾರು ಇಟ್ಟು, ನೆರಳು ಸರಿದ ಹಾಗೆ ಕಾರನ್ನೂ ಕೈಯಲ್ಲೇ ದೂಡುತ್ತಿದ್ದರು. ಗಡಿಯಾರವಿಲ್ಲದವರು ಆ ಕಾರು ನೋಡಿ ಹೊತ್ತು ತಿಳಿದುಕೊಳ್ಳುತ್ತಿದ್ದರು ಎಂದರೆ ಸುಳ್ಳಲ್ಲ.

ಒಮ್ಮೆ ನನ್ನ ಜೊತೆಯ ಟೀಚರೊಬ್ಬಳ ಮದುವೆಗೆ ಅವರ ಕಾರಿನಲ್ಲೇ ನಾವು ಮೂರು ನಾಲ್ಕು ಜನ ಅಳದಂಗಡಿಗೆ ಹೋದೆವು. ದಾರಿಯಿಡೀ ಕೆಸರು. ಕಾರು ಮನೆಯ ಅಂಗಳದಲ್ಲಿ ನಿಂತಾಗ ಕಪ್ಪೋ ಕೆಂಪೋ ತಿಳಿಯದ ಹಾಗಾಗಿತ್ತು. ಆದಿರಾಜಣ್ಣ ಊಟಕ್ಕೆ ಕೂತರು. ಮದುಮಗಳ ಸೋದರಮಾವನಿಗೆ ಇದನ್ನು ಕಂಡು ಮನಸ್ಸು ತಡೆಯಲಿಲ್ಲ. ಬಂದವರ ಕಾಲಿಗೆ ನೀರು ಕೊಡುವ ಮನೆ, ಬಂದ ಕಾರು ಕೊಳೆಯಾಗಿ ಇರಬಹುದೇ? ಅವರು ಬಚ್ಚಲಿನಿಂದ ಬೂದಿಯನ್ನೂ ತೆಂಗಿನ ನಾರನ್ನೂ ತಂದು, ಹಂಡೆ ತಿಕ್ಕುವ ಹಾಗೆ, ಬಾನೆಟ್ಟಿನಿಂದ ಹಿಂಬದಿಯವರೆಗೆ ತಿಕ್ಕಿ ತೊಳೆದರು. ಊಟ ಮುಗಿಸಿ ಬಂದ ಆದಿರಾಜಣ್ಣನ ಮುಂದೆ ಬೆವರು ಒರೆಸಿಕೊಳ್ಳುತ್ತ ನಿಂತರು.

"ಹೇಗೆ? ಈಗ ಮದುವೆಗೆ ಬಂದ ಕಾರಿನ ಹಾಗೆ ಉಂಟಲ್ಲ?"

ಕಾರಿನ ಮೈಯೆಲ್ಲ ಬೆಕ್ಕು ಪರಚಿದ ಹಾಗೆ ಗೀರು. ಆದಿರಾಜಣ್ಣ ಸುತ್ತ ಒಂದು ಪ್ರದಕ್ಷಿಣೆ ಬಂದರು. ಮತ್ತೆ ಕೈ ಮುಗಿದು, "ಭಾರೀ ಶ್ರಮ ತೆಗೊಂಡಿರಿ. ನಿಮ್ಮ ಮನೆಯ ಹಂಡೆಗಳು ಎಷ್ಟು ಹೊಳೀಬಹುದು ಅಂತ ನನಗೆ ಗೊತ್ತಾಯ್ತು" ಎಂದರು. ಮಾವ ಖುಷಿಯಿಂದ ವೀಳ್ಯ ಕೊಟ್ಟರು. ಹಿಂದೆ ಬರುವಾಗ ಗುರುವಾಯನಕೆರೆ ದಾಟಿದ ಮೇಲೆ, "ಪುಣ್ಯಕ್ಕೆ ಹುಣಿಸೆಹುಳಿ ಹಾಕ್ಲಿಲ್ಲ" ಎಂದರು. ದೀಪಾವಳಿಗೆ ಇನ್ನೂ ಎಷ್ಟೋ ತಿಂಗಳಿದ್ದರೂ ಆ ವಾರವೇ ಕಾರು ಮಂಗಳೂರಿಗೆ ಹೋಯಿತು.

ಇಷ್ಟೆಲ್ಲ ಜೋಪಾನದ ಆದಿರಾಜಣ್ಣ ಬಾಡಿಗೆಯಲ್ಲಿ ಹಿಂದೆ ಬಿದ್ದಿದ್ದರು. ಕಾರಣ ಒಂದೇ. ಹೊತ್ತು ಮುಳುಗಿದ ಮೇಲೆ ಅವರು ಕಾರು ಬಿಡುತ್ತಿರಲಿಲ್ಲ. ಸಂಜೆಯೊಳಗೆ ಊಟ ಮುಗಿಸುವುದು ಜೈನರಲ್ಲಿ ಎಲ್ಲರೂ ಮಾಡುವುದೇ. ಇವರು ಒಂದು ಹೆಜ್ಜೆ ಮುಂದೆ ಹೋಗಿ, ಮೂಡಬಿದಿರೆಯ ಬಸದಿಯಲ್ಲಿ ನಿಂತು, ದೀಪ ಹಾಕಿ ಕಾರು ಓಡಿಸುವುದಿಲ್ಲ ಎಂದು ವ್ರತ ತೆಗೆದುಕೊಂಡಿದ್ದರು. ಯಾಕೆಂದು ನಾನು ಕೇಳಿದ್ದೆ.

"ಹಗಲಲ್ಲಿ ಹುಳ ಬಂದು ತಾಗಿದ್ರೆ ಅದು ಅದರ ದಾರಿ, ನಾನು ನನ್ನ ದಾರಿ. ಕತ್ತಲೆಯಲ್ಲಿ ದೀಪ ಹಾಕಿದ್ರೆ ಹಾಗಲ್ಲ ಟೀಚರೇ. ನಾವು ಕರೀತೇವೆ, ಅವು ಬರ್ತವೆ. ಕರೆದು ಕೊಂದ ಹಾಗೆ. ಬೆಳಿಗ್ಗೆ ಬಾನೆಟ್ಟು ತೊಳೆಯುವವ ನಾನೇ ಅಲ್ಲವಾ, ನನಗೆ ಕಾಣ್ತದೆ."

ಪೇಟೆಯಲ್ಲಿ ಇದೊಂದು ತಮಾಷೆಯಾಗಿತ್ತು. ಇರುಳಿಡೀ ನಡೆಯುವ ಯಕ್ಷಗಾನದ ಆಟ ನೋಡಲು ಹೋಗುವವರು, ಭೂತದ ಕೋಲಕ್ಕೆ ಹೋಗುವವರು ಎಲ್ಲ ಬೇರೆ ಕಾರು ಹಿಡಿಯುತ್ತಿದ್ದರು. "ಆದಿರಾಜಣ್ಣನ ಕಾರಿಗೆ ಇರುಳು ಕಣ್ಣು ಕಾಣುವುದಿಲ್ಲ" ಎಂದು ಹೋಟೆಲಿನಲ್ಲಿ ಹೇಳಿ ನಗುತ್ತಿದ್ದರು. ಅವರೂ ನಗುತ್ತಿದ್ದರು.

ಈಗ ನನ್ನ ವಿಷಯ ಸ್ವಲ್ಪ ಹೇಳಬೇಕು. ನನ್ನ ಅಪ್ಪ ವಿಟ್ಲದಲ್ಲಿ ಎತ್ತಿನ ಗಾಡಿ ಹೊಡೆಯುತ್ತಿದ್ದವರು, ಹೆಬ್ಬೆಟ್ಟು. ಅಮ್ಮ ಬೀಡಿ ಕಟ್ಟುತ್ತಿದ್ದರು. ನಮ್ಮ ಕುಟುಂಬದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರು ಯಾರೂ ಇರಲಿಲ್ಲ, ನಾನೂ ಹತ್ತಲಿಲ್ಲ. ಶಾಲೆಯಲ್ಲಿ ಕಲಿಸುತ್ತಲೇ ಖಾಸಗಿಯಾಗಿ ಬಿ.ಎ. ಕಟ್ಟಿದೆ. ಇಂಗ್ಲಿಷಿನಲ್ಲಿ ಒಮ್ಮೆ ಬಿದ್ದಿದ್ದೆ. ಎರಡನೆಯ ಸಲ ಕಟ್ಟುವಾಗ ಅಪ್ಪ ಹೇಳಿದ್ದರು: "ಇದೊಂದು ಸಲ. ಆಗದಿದ್ರೆ ಕೆಲಸ ಬಿಟ್ಟು ಬಾ, ಗಂಡು ನೋಡಿ ಆಗಿದೆ." ಅಪ್ಪ ಹೇಳಿದರೆ ಹೇಳಿದ್ದೇ.

ಪರೀಕ್ಷೆ ಮಂಗಳೂರಿನಲ್ಲಿ. ಬೇಸಿಗೆಯ ಸೆಕೆಗೆ ಬೆಳಿಗ್ಗೆ ಏಳೂವರೆಗೇ ಇಟ್ಟಿದ್ದರು. ಹಿಂದಿನ ದಿನವೇ ಬಂಟ್ವಾಳದ ಅತ್ತೆಯ ಮನೆಗೆ ಹೋಗಿ, ಅಲ್ಲಿಂದ ಕತ್ತಲಿರುವಾಗಲೇ ಹೊರಡುವ ಬಸ್ಸು ಹಿಡಿಯುವುದು ನನ್ನ ಯೋಜನೆ. ಆದರೆ ಹಿಂದಿನ ದಿನ ಶಾಲೆಗೆ ಇನ್‌ಸ್ಪೆಕ್ಟರು ಬಂದರು, ಗಂಟೆ ಹೊಡೆಯುವವರೆಗೆ ಬಿಡಲಿಲ್ಲ. ಗಂಟೆ ಹೊಡೆಯುವಾಗ ಗಾಳಿ, ಗುಡುಗು, ಆ ವರ್ಷದ ಮೊದಲ ಮಳೆ. ಮಳೆ ನಿಂತು ಪೇಟೆಗೆ ಬಂದರೆ ಬಸ್ಸಿಲ್ಲ. ಮಡಂತ್ಯಾರಿನ ಹತ್ತಿರ ಮರ ಬಿದ್ದಿದೆ ಎಂದರು. ಪೇಟೆಯ ಬೇರೆ ಎರಡು ಕಾರುಗಳೂ ಬಾಡಿಗೆಗೆ ಹೋಗಿದ್ದವು. ಗೋಡೆಯ ಪಕ್ಕ ಆದಿರಾಜಣ್ಣ ಬಾನೆಟ್ಟಿನ ಮಳೆನೀರು ಒರೆಸುತ್ತಿದ್ದರು.

ನಾನು ವಿಷಯ ಹೇಳಿದೆ. ಅವರು ಆಕಾಶ ನೋಡಿದರು. "ಹತ್ತಿ. ಈಗ ಹೊರಟ್ರೆ ದೀಪದ ಹೊತ್ತಿಗೆ ಮೊದಲು ಬಂಟ್ವಾಳ."

ಮಡಂತ್ಯಾರಿನಲ್ಲಿ ಮರ ಕಡಿಯುತ್ತಿದ್ದರು. ದಾರಿ ಬಿಡುವಾಗ ಬಿಸಿಲು ತೆಂಗಿನ ತಲೆಗೆ ಏರಿತ್ತು. ಪುಂಜಾಲಕಟ್ಟೆ ಕಳೆದು ಸ್ವಲ್ಪ ಮುಂದೆ ಆದಿರಾಜಣ್ಣ ತಟಕ್ಕನೆ ಕಾರು ನಿಲ್ಲಿಸಿದರು. ಮಾರ್ಗದ ಬದಿಯ ಮಣ್ಣಿನ ದರೆಯಿಂದ ಮಳೆಹುಳ ಏಳುತ್ತಿತ್ತು, ಹೊಗೆ ಎದ್ದ ಹಾಗೆ. ಮೊದಲ ಮಳೆಗೆ ರೆಕ್ಕೆ ಬಂದ ಗೆದ್ದಲು.

"ಸ್ವಲ್ಪ ಹೊತ್ತು ಟೀಚರೇ. ಹಾರಿ ಮುಗಿಯಲಿ."

"ಮುಗಿಯುವಾಗ ಕತ್ತಲಾಗ್ತದಲ್ಲ ಆದಿರಾಜಣ್ಣ."

"ಹೌದು." ಬಂದ ದಾರಿಯ ಕಡೆ ಕೈ ತೋರಿಸಿ, "ಪುಂಜಾಲಕಟ್ಟೆಯಲ್ಲಿ ನಮ್ಮವರ ಮನೆ ಉಂಟು. ಅಲ್ಲಿ ನಿಂತು ಬೆಳಕು ಹರಿಯುವಾಗ ಹೋಗುವ" ಎಂದರು.

"ಬೆಳಕು ಹರಿದ ಮೇಲೆ ಹೊರಟ್ರೆ ಏಳೂವರೆಗೆ ಮುಟ್ತದಾ?"

ಅವರು ಸುಳ್ಳು ಹೇಳುವವರಲ್ಲ. "ಇಲ್ಲ. ಮುಂದಿನ ವರ್ಷ ಪುನಃ ಕಟ್ಟಿದ್ರೆ ಆಗದಾ?"

"ನನಗೆ ಮುಂದಿನ ವರ್ಷ ಇಲ್ಲ."

ಹೆಚ್ಚು ಮಾತು ನನಗೆ ಬರುವುದಿಲ್ಲ. ಚೀಲ ತೆಗೆದುಕೊಂಡು ಇಳಿದು ನಡೆಯತೊಡಗಿದೆ. ಅವರ ವ್ರತ ಅವರದು, ನನ್ನ ಪರೀಕ್ಷೆ ನನ್ನದು. ಅವರ ಮೇಲೆ ನನಗೆ ಸಿಟ್ಟಿರಲಿಲ್ಲ. ಹಿಂದಿನಿಂದ ಕೂಗಿದರು: "ಓ ಟೀಚರೇ! ಎಲ್ಲಿಗೆ ಹೋಗುವುದು? ಬಂಟ್ವಾಳ ನಿಮ್ಮ ಶಾಲೆಯ ಹಿತ್ತಲಾ?" ನಾನು ತಿರುಗಲಿಲ್ಲ. ಹುಳಗಳು ಮುಖಕ್ಕೆ, ಕೂದಲಿಗೆ ತಾಗುತ್ತಿದ್ದವು. ಬೆಳಕು ಇಳಿಯಿತು. ಸ್ವಲ್ಪ ಹೊತ್ತಿಗೆ ಕಾರು ಹಿಂದೆ ತೆವಳುತ್ತ ಬರುವ ಸದ್ದು ಕೇಳಿತು, ದೀಪವಿಲ್ಲದೆ. ತಿರುವಿನಲ್ಲಿ ಚಕ್ರ ಚರಂಡಿಯ ಅಂಚಿಗೆ ಜಾರಿ ಕಲ್ಲು ಉರುಳಿದ ಸದ್ದು. ಕಾರು ನಿಂತಿತು. ಆಮೇಲೆ ಏನೂ ಇಲ್ಲ. ಎಷ್ಟು ಹೊತ್ತು ಏನೂ ಇರಲಿಲ್ಲವೋ ನನಗೆ ತಿಳಿಯದು.

ಆಮೇಲೆ ನನ್ನ ನೆರಳು ನನ್ನ ಮುಂದೆ ಉದ್ದಕ್ಕೆ ಬಿತ್ತು. ಮಾರ್ಗವಿಡೀ ಬೆಳಕು, ಬೆಳಕಿನ ತುಂಬ ರೆಕ್ಕೆ.

"ಹತ್ತಿ" ಎಂದರು.

ಬಂಟ್ವಾಳದವರೆಗೆ ಅವರು ಗಾಜು ಒರೆಸುವ ಕಡ್ಡಿಯನ್ನು ಹಾಕಲಿಲ್ಲ. ಕಾಣದಾದಾಗ ನಿಲ್ಲಿಸಿ, ಇಳಿದು, ಒದ್ದೆ ಬಟ್ಟೆಯಲ್ಲಿ ಗಾಜನ್ನು ಮೆಲ್ಲ ಬಿಡಿಸಿ, ಪುನಃ ಹತ್ತುತ್ತಿದ್ದರು. ಅತ್ತೆಯ ಮನೆಯಲ್ಲಿ ನೀರೂ ಮುಟ್ಟಲಿಲ್ಲ. ನಾನು ಬೆಳಗಿನ ಜಾವ ಬಸ್ಸಿಗೆ ಹೊರಡುವಾಗ ಕಾರಿನಲ್ಲಿ ಎದ್ದು ಕೂತಿದ್ದರು. "ನಿಧಾನ ಬರೀರಿ" ಎಂದರು, ಅಷ್ಟೆ.

ಉಳಿದದ್ದನ್ನು ಅತ್ತೆ ಹೇಳಿದರು. ಬೆಳಕಾದ ಮೇಲೆ ಬಾವಿಯಿಂದ ನೀರು ಸೇದಿ, ಸೋಸಿ, ಕಾರಿನ ಮುಂಭಾಗಕ್ಕೆಲ್ಲ ಒದ್ದೆ ಬಟ್ಟೆ ಹಾಕಿ ಕೂತರಂತೆ. ಹುಳಗಳು ನೆನೆದು ಸಡಿಲವಾದ ಮೇಲೆ ಬಾಳೆ ಎಲೆಯ ಸೀಳಿನಲ್ಲಿ ಎತ್ತಿ ಎತ್ತಿ ದಾಸವಾಳದ ಬುಡಕ್ಕೆ ಹಾಕಿದರಂತೆ. "ಅದೆಂತ ಮಾರಾಯ್ತಿ, ಕಾರಿಗೆ ಸೂತಕವಾ?" ಎಂದು ಅತ್ತೆ ನನ್ನನ್ನು ಕೇಳಿದರು. ಆ ಮಳೆಗಾಲ ಮುಗಿಯುವವರೆಗೆ ಆದಿರಾಜಣ್ಣ ಹಾಲು ಬಿಟ್ಟರು. ಹೋಟೆಲಿನಲ್ಲಿ ಕಪ್ಪು ಕಾಫಿ ಕುಡಿಯುತ್ತಿದ್ದರು. ಯಾಕೆಂದು ಕೇಳಿದವರಿಗೆ "ಹೊಟ್ಟೆಗೆ ಹಿಡಿಯುವುದಿಲ್ಲ" ಎನ್ನುತ್ತಿದ್ದರು. ಮತ್ತೆ ಅವರು ಇರುಳು ದೀಪ ಹಾಕಿದ್ದನ್ನು ಯಾರೂ ನೋಡಲಿಲ್ಲ.

ನಾನು ಪಾಸಾದೆ. ಹೆಸರಿನ ಮುಂದೆ ಬಿ.ಎ. ಎಂದು ಬರೆಯುವಾಗ ಇವತ್ತಿಗೂ ನನ್ನ ಕೈ ತುಸು ನಿಧಾನವಾಗುತ್ತದೆ, ಅಕ್ಷರ ಚೆನ್ನಾಗಿ ಬರಲಿ ಎಂದು. ನನಗೆ ಮೂಡಬಿದಿರೆಯ ಹೈಸ್ಕೂಲಿನಲ್ಲಿ ಕೆಲಸ ಸಿಕ್ಕಿತು. ಅರವತ್ತರ ದಶಕ ಅರ್ಧ ಕಳೆಯುವಾಗ ಆದಿರಾಜಣ್ಣನೂ ಕಾರು ಮಾರಿ ಮೂಡಬಿದಿರೆಗೆ, ಮಗಳ ಮನೆಗೆ ಬಂದರು. ಕೊಂಡವನು ಅದನ್ನು ಎರಡೇ ಮಳೆಗಾಲದಲ್ಲಿ ತುಕ್ಕು ಹಿಡಿಸಿದ ಎಂದು ಕೇಳಿದೆ. ಅವರಿಗೆ ನಾನು ಹೇಳಲಿಲ್ಲ.

ಕೊನೆಯ ಸಲ ನಾನು ಹೋದಾಗ ಜಗಲಿಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಕಣ್ಣು ಮಂಜಾಗಿತ್ತು, ದನಿಯಿಂದ ಗುರುತು ಹಿಡಿದರು. ಮುಂದಿನ ಮಳೆಗಾಲದಲ್ಲಿ ಅವರು ತೀರಿಕೊಂಡರು. ಅಷ್ಟು ವರ್ಷ ನಾವಿಬ್ಬರೂ ಆ ಸಂಜೆಯ ಮಾತು ಎತ್ತಿರಲಿಲ್ಲ. ಅವತ್ತು ಅವರಾಗಿಯೇ ಎತ್ತಿದರು.

"ಟೀಚರೇ, ಆ ದಿವಸ ಹೋದದ್ದು ಎಂತ ಪರೀಕ್ಷೆಗೆ?"

"ಇಂಗ್ಲಿಷು."

"ಎಷ್ಟು ಬಂತು?"

"ಮೂವತ್ತೆಂಟು."

"ಎಷ್ಟಕ್ಕೆ?"

"ನೂರಕ್ಕೆ."

ಮಂಜು ಕಣ್ಣನ್ನು ಪೂರ್ತಿ ತೆರೆದು ನನ್ನ ಕಡೆ ತಿರುಗಿದರು. "ಮೂವತ್ತೆಂಟಾ! ಅಷ್ಟಕ್ಕಾ ಮಾರಾಯ್ತಿ ನೀವು ನನ್ನ ಹತ್ರ ದೀಪ ಹಾಕಿಸಿದ್ದು?" ಎಂದು, ಕೆಮ್ಮು ಬರುವವರೆಗೆ ನಕ್ಕರು. ಒಳಗಿನಿಂದ ಮಗಳು ಬಂದು ಬೆನ್ನು ತಿಕ್ಕಬೇಕಾಯಿತು. ಮಗಳು ಒಳಗೆ ಹೋದ ಮೇಲೆ ಪುನಃ ನನ್ನ ಕಡೆ ಬಗ್ಗಿದರು.

"ಪಾಸಾಗ್ಲಿಕ್ಕೆ ಎಷ್ಟು ಬೇಕಿತ್ತು?"

"ಮೂವತ್ತೈದು."

"ಹಾಗಾದ್ರೆ ಮೂರು ಜಾಸ್ತಿಯೇ ಉಂಟಲ್ಲ" ಎಂದರು.