ಮೊಹರಿಲ್ಲದ ಪಾಠ

ಯೋಗ ಶಿಕ್ಷಕಿಯಾಗಿ ನೋಂದಣಿ ಕೋರಿದ್ದ ನನ್ನ ಅರ್ಜಿಯನ್ನು ಹುಮನಾಬಾದಿನ ಕಚೇರಿಯ ಗುಮಾಸ್ತರು ಮೂರನೇ ಸಲ ಹಿಂದಕ್ಕೆ ತಳ್ಳಿದರು. "ಕಲಿತ ಸಂಸ್ಥೆಯ ಸಿಕ್ಕಾ ಇಲ್ಲಲ್ರಿ" ಎನ್ನುತ್ತ ಕೆಳಗಿದ್ದ ರಿಜಿಸ್ಟರ್ ಎತ್ತಲು ಬಗ್ಗಿದವರು, ಸೊಂಟ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟರು. ನನಗೆ ಯೋಗ ಕಲಿಸಿದ್ದು ಸೋದರತ್ತೆ. ಆಕೆ ಯಾವ ಮೊಹರು ಒತ್ತಿಯಾಳು?

ನಾನು ಏಳುವ ಮೊದಲೇ, ನನ್ನ ಪರವಾಗಿ ಸಾಕ್ಷಿ ಹೇಳಲು ಬಂದಿದ್ದ ಕಾಶಿಬಾಯಿ ಎದ್ದರು. ಮಂಠಾಳದಲ್ಲಿ ಕುರಿ ಕಾಯುವವರು. ಹನ್ನೊಂದು ವರ್ಷಗಳಿಂದ ಊರ ಶಾಲೆಯ ಪಡಸಾಲೆಯಲ್ಲಿ ನಾನು ನಡೆಸುವ ಬೆಳಗಿನ ತರಗತಿಯನ್ನು ತಪ್ಪಿಸಿದವರಲ್ಲ. ಗುಮಾಸ್ತರ ಎರಡೂ ಕೈಗಳನ್ನು ಮೇಜಿನ ಮೇಲೆ ಊರಿಸಿ, "ಉಸಿರು ಹಿಡೀಬ್ಯಾಡ್ರಿ ಸಾಹೇಬ್ರ, ಮೆಲ್ಲಕ ಬಿಡ್ರಿ. ಅವಸರ ಯಾಕ?" ಎಂದರು. ಮಾತಷ್ಟೇ ಅಲ್ಲ, ಗದರುವ ದನಿಯೂ ನನ್ನದೇ!

ಹತ್ತು ಉಸಿರು ಮುಗಿಯುವಷ್ಟರಲ್ಲಿ ಗುಮಾಸ್ತರು ನೆಟ್ಟಗಾದರು. "ಯಾರ ಕಲಿಸಿದ್ರು ನಿಮಗ?" ಎಂದು ಕೇಳಿದರು. ಕಾಶಿಬಾಯಿ ನನ್ನತ್ತ ಕೈ ತೋರಿಸಿದರು. ಗುಮಾಸ್ತರು ನನ್ನನ್ನು ನೋಡಿದರು, ಅರ್ಜಿಯನ್ನು ನೋಡಿದರು. "ಭಾಳ ಛಲೋ ಕಲಿಸೀರಿ ಅಕ್ಕೋರ. ಆದ್ರ ಸಿಕ್ಕಾ ಬೇಕ್ರಿ" ಎಂದು ಕಾಗದವನ್ನು ನನ್ನ ಕೈಗಿಟ್ಟರು.

ಬಸವಕಲ್ಯಾಣದ ಬಸ್ಸಿನಲ್ಲಿ ಕಾಶಿಬಾಯಿ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದರು. ನಾನು ಅರ್ಜಿ ಬಿಡಿಸಿದೆ. 'ನಿಮ್ಮಿಂದ ಕಲಿತು ಇತರರಿಗೆ ಕಲಿಸುತ್ತಿರುವವರು' ಎಂಬ ಕಾಲಂ ಅನ್ನು ಮೂರು ಸಲವೂ ಖಾಲಿ ಬಿಟ್ಟಿದ್ದೆ. ಪೆನ್ನು ತೆಗೆದು, ಆ ಕುಲುಕಾಟದಲ್ಲೇ, ದೊಡ್ಡ ಅಕ್ಷರಗಳಲ್ಲಿ ಕಾಶಿಬಾಯಿಯ ಹೆಸರು ಬರೆದೆ.