ತಡವಾಗಿ ನಿಲ್ಲುತ್ತಿದ್ದ ಬಸ್ಸು

ಕಳೆದ ವಾರ ಆಫೀಸಿನಲ್ಲಿ ಸಹೋದ್ಯೋಗಿಯೊಬ್ಬರು ಮನೆಯಿಂದ ತಂದ ಹಳೆಯ ಕಂಪ್ಯೂಟರನ್ನು ಬಿಚ್ಚಿದೆ. ಬ್ಲೋವರ್ ಹಿಡಿದಿದ್ದೇ ತಡ, ಒಳಗಿನ ಧೂಳಿನ ಜೊತೆ ಊದುಬತ್ತಿಯ ವಾಸನೆ ಎದ್ದಿತು. ದೇವರ ಮನೆಯ ಪಕ್ಕದಲ್ಲಿಟ್ಟ ಕಂಪ್ಯೂಟರುಗಳಲ್ಲಿ ಮಾತ್ರ ಈ ವಾಸನೆ ಇರುತ್ತದೆ. ಫ್ಯಾನು ವರ್ಷಗಟ್ಟಲೆ ಹೊಗೆ ಎಳೆದುಕೊಂಡು ರೆಕ್ಕೆಗಳಿಗೆಲ್ಲ ಜಿಡ್ಡು ಹತ್ತಿರುತ್ತದೆ. ಬ್ಲೋವರ್ ಕೆಳಗಿಟ್ಟು ವರಾಂಡಕ್ಕೆ ಹೋದೆ, ವಾಪಸ್ ಬಂದೆ, ಮತ್ತೆ ಹೋದೆ. ಆ ದಿನವೆಲ್ಲ ಒಂದು ಕಡೆ ಕೂರಲಾಗಲಿಲ್ಲ. ಹೆಬ್ಬಗೋಡಿಯ ಓನರ್ ಅಂಕಲ್ ನೆನಪಾಗಿದ್ದರು...

ಆಗ ನಾನು ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯಲ್ಲಿ ಕಂಪ್ಯೂಟರ್ ರಿಪೇರಿ ಕೆಲಸಕ್ಕೆ ಹೊಸದಾಗಿ ಸೇರಿದ್ದೆ. ಹೆಬ್ಬಗೋಡಿಯಲ್ಲಿ ಎರಡನೇ ಮಹಡಿಯ ಒಂದು ರೂಮು ನನ್ನದು. ಕೆಳಗಡೆ ಓನರ್ ಅಂಕಲ್ ಮತ್ತು ಆಂಟಿ. ಅದೇ ಊರಿನ ಒಕ್ಕಲು ಮನೆತನ ಅವರದು. ನಮ್ಮ ಕಟ್ಟಡ ನಿಂತ ಜಾಗದಲ್ಲಿ ಹಿಂದೆ ರಾಗಿ ಬೆಳೆಯುತ್ತಿದ್ದರಂತೆ. ಬಾಡಿಗೆಯಲ್ಲೇ ನೆಮ್ಮದಿಯಾಗಿ ಇರಬಹುದಿತ್ತು. ಆದರೂ ಅಂಕಲ್ ಇಪ್ಪತ್ತೆರಡು ವರ್ಷ ಒಂದು ಫ್ಯಾಕ್ಟರಿಯ ಬಸ್ಸು ಓಡಿಸಿದ್ದರು. "ಕೂತ್ಕಂಡು ತಿಂದ್ರೆ ಮೈಗತ್ತಲ್ಲ ಕಣಮ್ಮ," ಎನ್ನುತ್ತಿದ್ದರು.

ನಾನು ಆ ಮನೆಗೆ ಬರುವ ಹೊತ್ತಿಗೆ ಅವರಿಗೆ ಸ್ಟ್ರೋಕ್ ಆಗಿ ಏಳೆಂಟು ತಿಂಗಳಾಗಿತ್ತು. ಬಲಗಡೆಯ ಸ್ವಾಧೀನ ತಪ್ಪಿ, ಮತ್ತೆ ನಿಧಾನಕ್ಕೆ ಮರಳಿತ್ತು. ನಡೆಯುತ್ತಿದ್ದರು, ಮುದ್ದೆ ಮುರಿಯುತ್ತಿದ್ದರು, ಅಂಗಿಯ ಗುಂಡಿ ತಾವೇ ಹಾಕಿಕೊಳ್ಳುತ್ತಿದ್ದರು. ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತಾಗ ಮಾತ್ರ ಬಲಗಾಲು ಸುಮ್ಮನಿರುತ್ತಿರಲಿಲ್ಲ. ರಸ್ತೆಯಲ್ಲಿ ಯಾವುದಾದರೂ ಆಟೋ ಅಡ್ಡ ನುಗ್ಗಿದರೆ ಇಲ್ಲಿ ಇವರ ಪಾದ ನೆಲವನ್ನು ಒತ್ತುತ್ತಿತ್ತು.

ಬೇರೆ ಯಾರೋ ಬಾಡಿಗೆಯವರು ಖಾಲಿ ಮಾಡುವಾಗ ಒಂದು ಹಳೆಯ ಕಂಪ್ಯೂಟರು, ಅದಕ್ಕೆ ಸಿಕ್ಕಿಸುವ ಪುಟ್ಟ ಸ್ಟೇರಿಂಗು, ಕಾಲಡಿಯ ಪೆಡಲುಗಳನ್ನು ಬಿಟ್ಟು ಹೋಗಿದ್ದರು. ಅಂಕಲ್ ಅದನ್ನು ದೇವರ ಮನೆಯ ಪಕ್ಕದ ಮೂಲೆಯಲ್ಲಿ ಜೋಡಿಸಿ, ಹಳೆಯ ಟಿವಿಗೆ ತಂತಿ ಎಳೆದುಕೊಂಡಿದ್ದರು. ಒಳಗೆ ಬಸ್ಸು ಓಡಿಸುವ ಒಂದು ಹಳೇ ಆಟವಿತ್ತು. ಯಾವುದೋ ಚಳಿ ದೇಶದ ಊರು. ಸ್ಟಾಪಿನಲ್ಲಿ ಗಾಡಿ ನಿಲ್ಲಿಸಬೇಕು, ಬಾಗಿಲು ತೆಗೆಯಬೇಕು, ಜನರನ್ನು ಹತ್ತಿಸಿಕೊಳ್ಳಬೇಕು. ಬ್ರೇಕು ಜೋರಾಗಿ ಹಾಕಿದರೆ ಒಳಗಿನ ಜನ ಗೊತ್ತಿಲ್ಲದ ಭಾಷೆಯಲ್ಲಿ ಬೈಯುತ್ತಿದ್ದರು.

ಒಂದು ಸಂಜೆ ಅಂಕಲ್ ಮೆಟ್ಟಿಲ ಬಳಿಯಿಂದಲೇ ಕೂಗಿ ನನ್ನನ್ನು ಕರೆದರು. ಆಟ ಹಾಕಿ ತೋರಿಸಿದರು. ಪ್ರತಿ ತಿರುವಿನಲ್ಲೂ ಚಿತ್ರ ಗಕ್ಕನೆ ನಿಂತು, ಆಮೇಲೆ ಒಮ್ಮೆಲೇ ನೆಗೆಯುತ್ತಿತ್ತು.

"ನೋಡು, ನಾನು ಬ್ರೇಕ್ ಒತ್ತುದ್ಮೇಲೆ ಇದು ಕೂತು ಯೋಚ್ನೆ ಮಾಡಿ ನಿಲ್ತದೆ. ತಪ್ಪು ಮಿಷಿನ್ದಾ, ನಂದಾ?"

"ಮಿಷಿನ್ದೇ ಅಂಕಲ್. ತುಂಬಾ ಹಳೇದು," ಎಂದೆ. ಆಗ ಅದು ನಿಜವೂ ಆಗಿತ್ತು.

ಅವರು ಕೇಳಿದ್ದರ ಹಿಂದೆ ಏನಿತ್ತೆಂದು ಆಂಟಿ ಆಮೇಲೆ ಹೇಳಿದರು. ಶಾಲೆಗಳಿಗೆ ವ್ಯಾನು ಬಿಡುತ್ತಿದ್ದ ಹಳೆಯ ಸ್ನೇಹಿತರೊಬ್ಬರು, ಜೂನ್‌ನಲ್ಲಿ ಶಾಲೆ ಶುರುವಾದಾಗ ಒಂದು ವ್ಯಾನು ನೀನೇ ಓಡಿಸು ಎಂದು ಅಂಕಲ್‌ಗೆ ಹೇಳಿದ್ದರಂತೆ. ಡಾಕ್ಟರು ಇನ್ನೂ ಬೇಡ ಎಂದಿದ್ದರು. ಆಂಟಿ ಬೇಡವೇ ಬೇಡ ಎಂದಿದ್ದರು. ಅಂಕಲ್ ಮಾತ್ರ ಈ ಆಟ ಹಿಡಿದು ಕೂತಿದ್ದರು. ಇದರಲ್ಲಿ ಸರಿಯಾಗಿ ನಿಲ್ಲಿಸಿದ ದಿನ ಸ್ನೇಹಿತನಿಗೆ ಹೂಂ ಅನ್ನುವುದೆಂದು ತಮ್ಮಷ್ಟಕ್ಕೆ ತೀರ್ಮಾನಿಸಿದ್ದರು.

ಅದು ಗೊತ್ತಾದ ಮೇಲೂ ನಾನು ಕೈ ಹಿಂದೆ ತೆಗೆಯಲಿಲ್ಲ. ಯಂತ್ರ ಸರಿ ಮಾಡುವುದಷ್ಟೇ ನನ್ನ ಕೆಲಸ ಅಂದುಕೊಂಡೆ.

ಮೊದಲು ಹಳೆಯ ಡಿಸ್ಕ್ ತೆಗೆದು ವೇಗದ ಎಸ್‌ಎಸ್‌ಡಿ ಹಾಕಿದೆ. ತಿರುವಿನಲ್ಲಿ ನಿಂತು ನೆಗೆಯುವುದು ಬಹುಮಟ್ಟಿಗೆ ತಪ್ಪಿತು. ಆದರೂ ಜನ, ಕಾರು ಜಾಸ್ತಿಯಿದ್ದ ಬೀದಿಯಲ್ಲಿ ಬಸ್ಸು ತೆವಳುತ್ತಿತ್ತು, ಸ್ಟಾಪಿನಿಂದ ಅರ್ಧ ಬಸ್ಸಿನಷ್ಟು ಮುಂದೆ ಹೋಗಿ ನಿಲ್ಲುತ್ತಿತ್ತು. "ಮಿಷಿನ್ದೇನಾ?" ಅಂದರು. "ಹೂಂ ಅಂಕಲ್, ಪ್ರೊಸೆಸರ್ ಸಾಲದು."

ಕಂಪನಿಗಳು ವಿಲೇವಾರಿ ಮಾಡಿದ ಕಂಪ್ಯೂಟರು ಮಾರುವ ಅಂಗಡಿಗೆ ಇಬ್ಬರೂ ಹೋದೆವು. ಅಂಗಡಿಯಾತ ದೊಡ್ಡದೊಂದನ್ನು ಮುಂದೆ ತಳ್ಳಿ, "ಎಂಟು ಕೋರ್ ಇದೆ ಮೇಡಂ, ಯಾವ್ ಗೇಮ್ ಬೇಕಾದ್ರೂ ಓಡತ್ತೆ," ಎಂದ. ನಾನು ಬೇಡವೆಂದು, ಪ್ರೊಸೆಸರಿನೊಳಗೆ ಕೆಲಸ ಮಾಡುವ ಕೋರ್‌ಗಳು ನಾಲ್ಕೇ ಇದ್ದರೂ ಒಂದೊಂದೂ ಚುರುಕಾಗಿದ್ದ ಇನ್ನೊಂದನ್ನು ಆರಿಸಿದೆ. ಅಂಕಲ್‌ಗೆ ಸಮಾಧಾನವಾಗಲಿಲ್ಲ. ಈ ಆಟ ಹಳೆಯದು, ಭಾರವನ್ನೆಲ್ಲ ಒಂದೇ ಕೋರ್ ಮೇಲೆ ಹಾಕುತ್ತದೆ, ಉಳಿದವು ಸುಮ್ಮನೆ ಕೂತಿರುತ್ತವೆ ಎಂದು ವಿವರಿಸಿದೆ. "ಅಂಗನ್ನು. ಎಂಟು ಜನ ಡ್ರೈವರ್ ಇದ್ರೂ ಸ್ಟೇರಿಂಗ್ ಒಂದೇ," ಎಂದರು. ಮನೆಯವರೆಗೂ ಅದನ್ನು ಮಡಿಲಲ್ಲಿಟ್ಟುಕೊಂಡೇ ಆಟೋದಲ್ಲಿ ಕೂತಿದ್ದರು.

ಅದು ಚೆನ್ನಾಗಿ ಓಡಿತು. ಬಸ್ಸು ಆಗಲೂ ತಡವಾಗಿಯೇ ನಿಂತಿತು. ಈ ಸಲ ತಪ್ಪನ್ನು ಟಿವಿಯ ಮೇಲೆ ಹೊರಿಸಿದೆ. ಹಳೆಯ ಟಿವಿ ಚಿತ್ರವನ್ನು ತಿದ್ದಿ ತೀಡಿ ತೋರಿಸುವಷ್ಟರಲ್ಲಿ ಒಂದಿಷ್ಟು ತಡವಾಗುತ್ತದೆ, ಅದು ಸುಳ್ಳಲ್ಲ. ಆದರೆ ಅಷ್ಟು ತಡವಾಗುವುದಿಲ್ಲ ಎಂದೂ ನನಗೆ ಗೊತ್ತಿತ್ತು. ಅವರು ಆಸೆಯಿಂದ ತಲೆಯಾಡಿಸಿದರು. ಆ ವಾರವೆಲ್ಲ ಆಫೀಸಿನಲ್ಲಿ ಯಾವ ಕೆಲಸ ಹಿಡಿದರೂ ಅರ್ಧಕ್ಕೇ ಬಿಡುತ್ತಿದ್ದೆ.

ಭಾನುವಾರ ಮಧ್ಯಾಹ್ನ ಹೊಸ ಮಾನಿಟರ್ ಜೋಡಿಸಿದೆ. ಚಿತ್ರ ನೀರಿನಂತೆ ಹರಿಯುತ್ತಿತ್ತು. ಅಂಕಲ್ ಚಪ್ಪಲಿ ಬಿಟ್ಟು, ಪೆಡಲಿಗೆ ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಂಡು ಕೂತರು. ಮೊದಲ ಸ್ಟಾಪು ದಾಟಿ ನಿಂತಿತು. ಎರಡನೆಯದೂ ದಾಟಿತು. ಸಿಗ್ನಲ್ ಕೆಂಪಾದಾಗ ಮುಂದಿನ ಕಾರು ನಿಂತಿತು. ನಮ್ಮ ಬಸ್ಸು ನಿಲ್ಲಲಿಲ್ಲ, ಹೋಗಿ ಅದಕ್ಕೆ ಗುದ್ದಿತು.

ಅವರು ಎದ್ದು ನಿಂತರು. "ನೀನು ಕೂತ್ಕೋ," ಎಂದರು.

ನನಗೆ ಸ್ಕೂಟಿ ಕೂಡ ಸರಿಯಾಗಿ ಬರುತ್ತಿರಲಿಲ್ಲ. ಬೇಡ ಅಂಕಲ್ ಎಂದೆ, ಕೇಳಲಿಲ್ಲ. ನಾನು ತಿರುವುಗಳಲ್ಲಿ ಫುಟ್‌ಪಾತ್ ಹತ್ತಿಸಿದೆ, ಬಾಗಿಲು ತೆಗೆಯಲು ಮರೆತೆ. ಆದರೆ ಅದೇ ಸಿಗ್ನಲ್‌ನಲ್ಲಿ ಬ್ರೇಕು ಒತ್ತಿದ ತಕ್ಷಣ ಬಸ್ಸು ಗೆರೆಯ ಹಿಂದೆಯೇ ನಿಂತಿತು. ಬೇಕೆಂದೇ ತಡ ಮಾಡಬಹುದಿತ್ತು... ಆ ಯೋಚನೆ ಬರುವಷ್ಟರಲ್ಲಿ ಕಾಲು ಒತ್ತಿಯಾಗಿತ್ತು. ಅಂಕಲ್ ಪರದೆ ನೋಡುತ್ತಿರಲಿಲ್ಲ, ನನ್ನ ಪಾದವನ್ನೇ ನೋಡುತ್ತಿದ್ದರು.

"ಈಗ ಯೋಳು. ಮಿಷಿನ್ದಾ, ನಂದಾ?"

ಆಂಟಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದರು.

"ಮಿಷಿನ್ ಸರಿಯಾಗಿದೆ ಅಂಕಲ್," ಎಂದೆ.

ಅವರು ಹೂಂ ಎಂದರು. ಫೋನ್ ತೆಗೆದುಕೊಂಡು ಅಲ್ಲೇ ನಮ್ಮಿಬ್ಬರ ಎದುರಿಗೇ ಸ್ನೇಹಿತನಿಗೆ ಮಾಡಿದರು. "ಬೇರೆಯೋರ್ನ ನೋಡ್ಕಳಪ್ಪ. ಇಲ್ಲ, ಉಸಾರಾಗೇ ಇವ್ನಿ. ಮಕ್ಳು ಕೂರೋ ಗಾಡಿ ನಂಗೆ ಬ್ಯಾಡ." ಅಷ್ಟೇ ಮಾತು. ಆಮೇಲೆ ಮೆಟ್ಟಿಲು ಹತ್ತಿ ಟೆರೇಸಿಗೆ ಹೋದರು. ಆಂಟಿ ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಅದು ಸಮಾಧಾನವೋ ಸಂಕಟವೋ ನನಗೆ ತಿಳಿಯಲಿಲ್ಲ. ನನ್ನ ರೂಮಿನ ಮೇಲೆಯೇ ಟೆರೇಸು. ಕತ್ತಲಾಗುವವರೆಗೂ ಅವರು ಅತ್ತಿಂದಿತ್ತ ನಡೆಯುವುದು ಕೇಳುತ್ತಿತ್ತು. ಬಲಗಾಲು ಇಟ್ಟಾಗ ಸದ್ದು ಕೊಂಚ ಭಾರ.

ಮರುದಿನದಿಂದ ಅವರು ಮೊದಲಿನಂತೆಯೇ ಮಾತಾಡಿಸಿದರು. ಕಣ್ಣು ತಪ್ಪಿಸಿದವಳು ನಾನೇ. ಬಾಗಿಲ ಬಳಿ ಅವರು ಕೂತಿರದ ಹೊತ್ತು ನೋಡಿಕೊಂಡು ಹೊರಗೆ ಹೋಗುತ್ತಿದ್ದೆ. ಎರಡು ತಿಂಗಳಲ್ಲಿ ವೈಟ್‌ಫೀಲ್ಡ್ ಕಡೆ ಕೆಲಸ ಸಿಕ್ಕಿತು, ಬ್ರೂಕ್‌ಫೀಲ್ಡಿಗೆ ಮನೆ ಬದಲಿಸಿದೆ. ಹೊರಡುವ ದಿನ ಅಂಕಲ್, "ಬಂದೋಗ್ತಿರು ತಾಯಿ," ಎಂದರು. ಬರ್ತೀನಿ ಎಂದೆ.

ಹೋಗಲಿಲ್ಲ. ಎರಡು ವರ್ಷದ ಮೇಲೆ, ಒಂದು ಬೆಳಿಗ್ಗೆ ಕಾಫಿ ಕುಡಿಯುತ್ತಿದ್ದಾಗಲೇ ಅವರಿಗೆ ಮತ್ತೆ ಸ್ಟ್ರೋಕ್ ಆಯಿತಂತೆ. ಆಸ್ಪತ್ರೆ ಮುಟ್ಟಲಿಲ್ಲ. ನನಗೆ ಸುದ್ದಿ ಸಿಕ್ಕಿದ್ದು ತಿಥಿಯೆಲ್ಲ ಕಳೆದ ಮೇಲೆ. ಓಡಿಹೋದೆ. ಆಂಟಿ ಊಟಕ್ಕೆ ಬಡಿಸಿ, ಎದುರಿಗೆ ಕೂತು, ತಾವಾಗಿಯೇ ಹೇಳಿದರು.

"ಆಮೇಲೂ ದಿನಾ ಆಡೋರು ಕಣಮ್ಮ. ಆದ್ರೆ ಒಬ್ರನ್ನೂ ಅತ್ತಿಸ್ಕಳ್ತಿರಲಿಲ್ಲ. ಸ್ಟಾಪಲ್ಲಿ ಜನ ನಿಂತಿರೋರು, ಇವ್ರು ಸುಮ್ನೆ ಖಾಲಿ ಗಾಡೀನ ನಿಧಾನಕ್ಕೆ ಓಡಿಸ್ಕಂಡು ಓಗೋರು. ಯಾಕ್ರೀ ಅಂದ್ರೆ, ನಂಗೊಬ್ನಿಗೇ ಸಾಕು ಬಿಡೇ ಅನ್ನೋರು. ಅಷ್ಟೊತ್ತು ಮಾತ್ರ ಕಾಲು ತಣ್ಣಗಿರೋದು ಅವ್ರದು."

ಅಂದು ನಿಜ ಹೇಳಿದ್ದಕ್ಕೆ ನನಗೆ ಈಗ ಪಶ್ಚಾತ್ತಾಪವಿಲ್ಲ. ಆ ವ್ಯಾನಿನಲ್ಲಿ ಕೂರಬೇಕಿದ್ದ ಮಕ್ಕಳು ಬೇರೆ ಯಾರದೋ ಗಾಡಿಯಲ್ಲಿ ಶಾಲೆಗೆ ಹೋಗಿ ಬಂದಿರುತ್ತಾರೆ. ಕೊರೆಯುವುದು ಆಮೇಲಿನ ಎರಡು ವರ್ಷ. ಬ್ರೂಕ್‌ಫೀಲ್ಡಿನಿಂದ ಬೆಳಿಗ್ಗೆ ಹೊರಟರೆ ಮಧ್ಯಾಹ್ನದೊಳಗೆ ಹೆಬ್ಬಗೋಡಿ ಮುಟ್ಟಬಹುದಿತ್ತು. ಅವರ ಪಕ್ಕ ಒಂದು ಕುರ್ಚಿ ಎಳೆದುಕೊಂಡು ಕೂತು, ಆಟದೊಳಗಿನ ಆ ಚಳಿ ಊರಿನ ಬೀದಿಗಳಲ್ಲಿ ಒಂದು ಸುತ್ತು ಹೋಗಿ ಬರಬಹುದಿತ್ತು... ಖಾಲಿ ಗಾಡಿ, ಜಾಗವಂತೂ ಇತ್ತು.