ಅತ್ತೆ ಇಲ್ಲದ ಮನೆ

ಪಂಚಮಿಗೆ ಜೋಳದ ಅಳ್ಳು ಹುರಿಯುವಾಗ ಒಂದು ವಾಸನೆ ಬರುತ್ತದೆ. ಜೋಳ ಚಟಪಟ ಸಿಡಿದು ಬೆಳ್ಳಗಾಗುವ ಮುಂಚೆ, ಸಿಪ್ಪೆ ಸ್ವಲ್ಪ ಸೀದು ಹೋಗುವ ವಾಸನೆ. ಹಗರಿಬೊಮ್ಮನಹಳ್ಳಿಯ ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಪ್ರತಿ ಪಂಚಮಿಗೂ ನಾನೇ ಹುರಿಯುತ್ತೇನೆ, ಪ್ರತಿ ಸಲವೂ ನನ್ನ ತಲೆ ಕೆಡುತ್ತದೆ. ಹಬ್ಬದ ದಿನ ಇವಳ ಮುಖ ಯಾಕೆ ಗಂಟು ಹಾಕಿಕೊಂಡಿರುತ್ತದೆ ಎಂದು ಕೇಳುವುದನ್ನು ಮನೆಯವರು ಬಿಟ್ಟು ಬಹಳ ಕಾಲವಾಯಿತು. ಈ ಸಲ ಸಿಟ್ಟು ಹೊಟ್ಟೆಯೊಳಗೆ ನಿಲ್ಲಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ತವರು ಕೊಟ್ಟೂರಿನಲ್ಲಿ ಪಕ್ಕದ ಮನೆಯ ಅಕ್ಕ ಹುಟ್ಟಿದ್ದು ಪಂಚಮಿಯ ದಿನ. ಆಕೆಯ ತಾಯಿ ಅಳ್ಳು ಹುರಿಯುತ್ತಿದ್ದಾಗಲೇ ನೋವು ಕಾಣಿಸಿಕೊಂಡಿತಂತೆ. ನನಗಿಂತ ಎರಡು ವರ್ಷಕ್ಕೆ ದೊಡ್ಡವಳು. ಒಟ್ಟಿಗೇ ಕಾಲೇಜಿಗೆ ಹೋಗುತ್ತಿದ್ದೆವು. ಜೋಕಾಲಿ ಹತ್ತಿದರೆ ನಿಂತುಕೊಂಡೇ ಜೀಕುವ ಹುಡುಗಿ. ತನ್ನ ಪಾಲಿನ ತಂಬಿಟ್ಟು ತಿಂದು ನನ್ನದಕ್ಕೂ ಕೈ ಹಾಕುತ್ತಿದ್ದಳು. ಬೇಸಿಗೆಯ ಸಂಜೆ ಮಾಳಿಗೆ ಮೇಲೆ ಹಾಸಿಕೊಂಡು ಮಲಗಿ, ತೆಂಕಣ ದಿಕ್ಕಿಗೆ ಮೇಲೇರುವ ವೃಶ್ಚಿಕ ರಾಶಿಯನ್ನು ತೋರಿಸುತ್ತಿದ್ದಳು. ಅದೊಂದು ರಾಶಿ ಮಾತ್ರ ಹೆಸರಿಗೆ ತಕ್ಕ ಹಾಗೆ ಇದೆ ಎಂಬುದು ಆಕೆಯ ತಕರಾರು. ಮೇಷ ಎಲ್ಲಿ ಕುರಿಯ ಹಾಗಿದೆ, ಕನ್ಯೆ ಎಲ್ಲಿ ಹೆಣ್ಣಿನ ಹಾಗಿದೆ, ತೋರಿಸು ನೋಡೋಣ ಎನ್ನುತ್ತಿದ್ದಳು.

"ನೋಡಲೇ, ಚೇಳು ಹೆಂಗ ಕೊಂಡಿ ಎತ್ತೈತಿ. ಅದಕ್ಕ ಯಾರೂ ಗಂಡು ಹುಡುಕಂಗಿಲ್ಲ, ಆರಾಮ ಐತಿ."

ಆಕೆಗೆ ಗಂಡು ಹುಡುಕಿದರು. ಹರಪನಹಳ್ಳಿ ಕಡೆಯ ಹುಡುಗ, ಮೇಷ್ಟ್ರು. ನೋಡಿದರು, ಒಪ್ಪಿದರು. ಅಕ್ಕನಿಗೂ ಹುಡುಗ ಮನಸ್ಸಿಗೆ ಬಂದಿದ್ದ. ಬಾಯಿಬಿಟ್ಟು ಹೇಳಲಿಲ್ಲ, ಆದರೆ ಎರಡು ದಿನ ನನ್ನ ಹತ್ತಿರ ಜಗಳವಾಡದೆ ಇದ್ದದ್ದರಲ್ಲೇ ನನಗೆ ಗೊತ್ತಾಯಿತು. ಎಲೆ ಅಡಿಕೆ ಶಾಸ್ತ್ರಕ್ಕೆ ಬಂದ ದಿನ ಹುಡುಗನ ತಾಯಿ ಅಡುಗೆ ಮನೆಗೆ ಬಂದು, ಹುಡುಗಿ ಹುಟ್ಟಿದ್ದು ಯಾವಾಗ ಎಂದು ಸುಮ್ಮನೆ ಕೇಳಿದರು.

ನಮ್ಮ ಕಡೆ ಆಗ ಹುಟ್ಟಿದ ತಾರೀಖು ಯಾರ ಹತ್ತಿರ ಇರುತ್ತಿತ್ತು? ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ತರು ಜೂನ್ ಒಂದು ಎಂದು ಬರೆದುಕೊಳ್ಳುತ್ತಿದ್ದರು. ಓಣಿಯ ಅರ್ಧ ಮಕ್ಕಳೆಲ್ಲ ಜೂನ್ ಒಂದಕ್ಕೇ ಹುಟ್ಟಿದವರು. ತಾಯಂದಿರಿಗೆ ನೆನಪಿರುತ್ತಿದ್ದದ್ದು ಮಳೆ. ಯಾವ ಮಳೆಗೆ ಬಿತ್ತಿದೆವು, ಯಾವ ಮಳೆ ಕೈ ಕೊಟ್ಟಿತು, ಯಾವ ಮಳೆಯಲ್ಲಿ ಯಾವ ಮಗು ಹುಟ್ಟಿತು. ಅಕ್ಕನ ತಾಯಿಯೂ ಹಾಗೇ ಹೇಳಿದರು, ಸಂಭ್ರಮದಿಂದಲೇ.

"ಆಶ್ಲೇಷ ಮಳ್ಯಾಗ ಹುಟ್ಯಾಳ್ರಿ. ಹೊಲ ಎಲ್ಲಾ ತುಂಬಿ ನಿಂತಿತ್ತು."

ಅಷ್ಟೇ ಮಾತು. ವಾರದೊಳಗೆ ನಡುವಿನವರ ಕೈಲಿ ಸುದ್ದಿ ಬಂತು: ಹುಡುಗಿ ಆಶ್ಲೇಷ ನಕ್ಷತ್ರದವಳು, ಅತ್ತೆಯ ಜೀವಕ್ಕೆ ಆಗಿಬರುವುದಿಲ್ಲ, ಸಂಬಂಧ ಬೇಡ. ಆ ಮೇಷ್ಟ್ರು ಮಹಾಶಯ ತುಟಿ ಬಿಚ್ಚಲಿಲ್ಲ. ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತಿದ್ದನಂತೆ, ಅವನ ಪಾಠಕ್ಕಿಷ್ಟು ಬೆಂಕಿ ಹಾಕ!

ಅಕ್ಕ ಮೊದಲ ದಿನ ಅತ್ತಳು. ಎರಡನೆಯ ದಿನ ಎದ್ದು ಕೂತು, ಎಲ್ಲರೂ ಮಾಡಿದ ತಪ್ಪು ಏನೆಂದು ತಂದೆಗೆ ಬಿಡಿಸಿ ಹೇಳಿದಳು. ನಾನು ಅಲ್ಲೇ ಇದ್ದೆ.

"ಅಪ್ಪ, ಮಳಿ ಹೆಸರು ಸೂರ್ಯ ಇರೋ ನಕ್ಷತ್ರದ್ದು. ಹುಟ್ಟಿದ ನಕ್ಷತ್ರ ಅಂದ್ರ ಚಂದ್ರ ಇರೋದು. ಆ ಮಳ್ಯಾಗ ಚಂದ್ರನೂ ಆಶ್ಲೇಷಕ್ಕ ಬರಬೇಕಂದ್ರ ಅಮಾಸಿ ಆಗಿರಬೇಕು. ನಾ ಹುಟ್ಟಿದ್ದು ಪಂಚಮಿ. ಅಷ್ಟೊತ್ತಿಗೆ ಚಂದ್ರ ಹಸ್ತಕ್ಕೋ ಚಿತ್ತಿಗೋ ಹೋಗಿರ್ತಾನ."

ತಂದೆಗೆ ಇದು ಅರ್ಥವಾಗದೇ ಇರಲಿಲ್ಲ. ಆಯುಷ್ಯವಿಡೀ ಮಳೆ ನಕ್ಷತ್ರ ಎಣಿಸಿ ಬಿತ್ತಿದ ಮನುಷ್ಯ. ಮಗಳನ್ನು ಕರೆದುಕೊಂಡು ಪಂಚಾಂಗ ನೋಡುವವರ ಹತ್ತಿರ ಹೋದರು. ಆ ಪುಣ್ಯಾತ್ಮ ಏನೆಂದ ಗೊತ್ತೇ? "ನೀ ಹೇಳೋದು ಖರೇ ಐತವ್ವ. ಆದ್ರ ಮಂದಿ ಬಾಯಿಗೆ ಬಿದ್ದ ಮ್ಯಾಲೆ ಒಂದು ಶಾಂತಿ ಮಾಡಿಸಿಬಿಡೋದು ಚಲೋ." ಗೊತ್ತಿಲ್ಲದವನ ಮೇಲೆ ನನಗೆ ಸಿಟ್ಟಿಲ್ಲ. ಇವನಿಗೆ ಗೊತ್ತಿತ್ತು. ಹೊರಗೆ ಬಂದು ಆ ಹುಡುಗಿ ಆಶ್ಲೇಷದವಳಲ್ಲ ಎಂದು ನಾಲ್ಕು ಜನರ ಮುಂದೆ ಒಂದು ಮಾತು ಹೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು?

ಓಣಿಯವರು ಅದಕ್ಕಿಂತ ಮುಂದೆ ಹೋದರು. ಆಶ್ಲೇಷಕ್ಕೆ ಸರ್ಪವೇ ದೇವತೆ, ಈಕೆ ಹುಟ್ಟಿದ್ದು ನಾಗಪ್ಪನಿಗೆ ಹಾಲೆರೆಯುವ ದಿನ, ಇನ್ನೇನು ಬೇಕು ಎಂದರು. ಅಕ್ಕ ತನ್ನ ಪರವಾಗಿ ಯಾವ ಪಂಚಮಿಯನ್ನು ತೋರಿಸಿದಳೋ ಅದನ್ನೇ ತಿರುಗಿಸಿ ಆಕೆಯ ಮೇಲೆ ಹಾಕಿದರು. ಆ ಮಳೆಯಲ್ಲಿ ಹುಟ್ಟಿದ ಗಂಡುಮಕ್ಕಳು ಓಣಿಯಲ್ಲಿ ಬೇಕಾದಷ್ಟು ಇದ್ದರು. ಅವರನ್ನು ಯಾರೂ ಕೇಳಲಿಲ್ಲ. ಅವರು ಯಾರ ಜೀವಕ್ಕೂ ಆಗಿಬರುವುದಿಲ್ಲ ಎಂದು ಯಾವ ಶಾಸ್ತ್ರವೂ ಹೇಳುವುದಿಲ್ಲವಲ್ಲ...

ಶಾಂತಿ ಮಾಡಿಸಬೇಡಿ ಎಂದು ಅಕ್ಕ ಕೈ ಮುಗಿದು ಕೇಳಿಕೊಂಡಳು. "ಮಾಡಿಸಿದ್ರ ನಾವs ಒಪ್ಪಿಕೊಂಡಂಗ ಆಕ್ಕೈತಿ" ಎಂದಳು. ಮಾಡಿಸಿದರು. ಆಕೆ ಹೇಳಿದ ಹಾಗೇ ಆಯಿತು. ದೋಷ ಇಲ್ಲದಿದ್ದರೆ ಶಾಂತಿ ಯಾಕೆ ಮಾಡಿಸುತ್ತಿದ್ದರು ಎಂದು ಮುಂದೆ ಬಂದ ಗಂಡಿನವರೆಲ್ಲ ಕೇಳಿದರು.

ಆ ಮಾಗಿ ಕಳೆದ ಮೇಲೆ ಒಂದು ಸಂಜೆ, ದೀಪ ಹಚ್ಚುವ ಹೊತ್ತಿಗೆ, ನನ್ನನ್ನು ಮಾಳಿಗೆಗೆ ಕರೆದಳು. ಕರ್ಕಾಟಕ ರಾಶಿಯ ಹತ್ತಿರ ಬೆರಳು ತೋರಿಸಿದಳು. ನನಗೆ ಏನೂ ಕಾಣಲಿಲ್ಲ. ಕತ್ತಲಾದ ಮೇಲೆ ಕಣ್ಣು ಕಿರಿದು ಮಾಡಿ ನೋಡಿದಾಗ, ಮಸುಕಾದ ಐದಾರು ಚುಕ್ಕಿ ಒಂದು ಕಡೆ ಗುಂಪಾಗಿ ಇದ್ದವು.

"ಅದs ನೋಡು ಆಶ್ಲೇಷ. ದೀಪ ಹಚ್ಚಿದ್ರ ಕಾಣಂಗಿಲ್ಲ. ಅದು ಹರಪನಹಳ್ಳಿಗೆ ಹೋಗಿ ಅತ್ತೀನ ಕೊಲ್ತೈತಂತ."

ನಾವಿಬ್ಬರೂ ನಕ್ಕೆವು. ಆಕೆ ಮನಸಾರೆ ನಕ್ಕದ್ದನ್ನು ನಾನು ಕಂಡದ್ದು ಅದೇ ಕೊನೆ.

ಕೊನೆಗೆ ಹಿರಿಯರೆಲ್ಲ ಕೂಡಿ ಒಂದು ಉಪಾಯ ಹುಡುಕಿದರು. ಆಶ್ಲೇಷದ ಹುಡುಗಿಗೆ ಅತ್ತೆ ಇಲ್ಲದ ಮನೆ ನೋಡಿ ಕೊಟ್ಟರೆ ತೊಡಕೇ ಇಲ್ಲ. ಈ ಉಪಾಯ ನಮ್ಮ ಕಡೆ ಈಗಲೂ ಚಾಲ್ತಿಯಲ್ಲಿದೆ, ದೊಡ್ಡ ಜಾಣತನ ಎಂಬಂತೆ ಹೇಳುತ್ತಾರೆ. ಗುಡೇಕೋಟೆಯಿಂದ ಆಚೆ, ಗುಡ್ಡದ ಬದಿಗಿದ್ದ ಒಂದು ಹಳ್ಳಿಯಲ್ಲಿ ಅಂಥ ಮನೆ ಸಿಕ್ಕಿತು. ಮಾವ, ಗಂಡ, ಇಬ್ಬರು ಮೈದುನರು. ಹೆಣ್ಣು ಎಂಬುದು ಆ ಮನೆಯಲ್ಲಿ ಇರಲೇ ಇಲ್ಲ. ಅವರು ಕೆಟ್ಟವರಲ್ಲ. ಹೊಡೆಯಲಿಲ್ಲ, ಬಡಿಯಲಿಲ್ಲ. ಕುರಿ ಹೊಡೆದುಕೊಂಡು ಬೆಳಿಗ್ಗೆ ಹೋದವರು ಬೈಗಿಗೆ ಬರುತ್ತಿದ್ದರು, ಅಷ್ಟೆ.

ಅಕ್ಕ ಬಸುರಿಯಾದಳು. ಏಳು ತುಂಬುವ ಹೊತ್ತಿಗೆ ಕಾಲು ಊದಿದವು, ಆಮೇಲೆ ಮುಖ ಊದಿತು, ತಲೆ ಸಿಡಿಯುತ್ತದೆ ಎನ್ನುತ್ತಿದ್ದಳಂತೆ. ಬಸುರಿಯರಿಗೆ ಹೀಗೇ ಇರಬಹುದು ಎಂದು ಗಂಡ ತಿಳಿದ. ಅವನಿಗೆ ಹೇಳಿಕೊಡುವವರು ಯಾರಿದ್ದರು? ಮುಖ ನೋಡಿ, ಇದು ಸರಿಯಿಲ್ಲ, ಗಾಡಿ ತರ್ರಿ ಎಂದು ಕೂಗುವ ಒಬ್ಬ ಹೆಂಗಸು ಮನೆಯಲ್ಲಿರಲಿಲ್ಲ. ಅಂಥವಳಿಲ್ಲದ ಮನೆಯೇ ಬೇಕೆಂದು ಹುಡುಕಿದ್ದರಲ್ಲ! ಇತ್ತ ತವರಿನವರು ಸೀಮಂತದ ಕುಬುಸ ಮಾಡಿ ಮಗಳನ್ನು ಕರೆತರಬೇಕೆಂದು ಒಳ್ಳೆಯ ದಿನಕ್ಕಾಗಿ ಕಾಯುತ್ತಿದ್ದರು. ದಿನ ಹೇಳಿದವನು ಅದೇ ಪಂಚಾಂಗದವನು. ಆ ದಿನ ಬರುವ ಮುಂಚೆಯೇ ಅಕ್ಕನಿಗೆ ಫಿಟ್ಸ್ ಬಂತು. ಕೂಡ್ಲಿಗಿಗೆ ಕರೆತರುವ ದಾರಿಯಲ್ಲೇ ತಾಯಿ, ಹೊಟ್ಟೆಯೊಳಗಿನ ಕೂಸು ಎರಡೂ...

ಮಣ್ಣಿಗೆ ಹೋದಾಗ ಆಕೆಯ ತಾಯಿಯ ಎದುರಿಗೇ ಯಾರೋ ಪಿಸುಗುಟ್ಟಿದರು: "ಕೊಲ್ಲಾಕ ಅತ್ತಿ ಇರಲಿಲ್ಲ, ತಾನs ಹೋದಳು." ನಾನು ಅವರ ಮೇಲೆ ಏರಿ ಹೋದೆ. ನಮ್ಮವ್ವ ರಟ್ಟೆ ಹಿಡಿದು ಎಳೆದುಕೊಂಡು ಬಂದಳು. ಆ ಸಿಟ್ಟು ಅಂದು ಎಷ್ಟಿತ್ತೋ ಇವತ್ತಿಗೂ ಅಷ್ಟೇ ಇದೆ.

ಈ ಪಂಚಮಿಗೆ ನನ್ನ ತಮ್ಮ ಬಂದಿದ್ದ, ನನ್ನ ಮಗನಿಗೆ ಒಂದು ಸಂಬಂಧ ತಂದಿದ್ದ. ಹಡಗಲಿಯ ಹುಡುಗಿ, ನರ್ಸಿಂಗ್ ಓದಿದ್ದಾಳೆ. ಫೋಟೊ ನೋಡಿದೆ, ಲಕ್ಷಣವಾಗಿದ್ದಳು. ತಮ್ಮ ತಾನೇ ತಂದದ್ದನ್ನು ತಾನೇ ಬೇಡ ಎಂದ. ಫೋನಿನಲ್ಲಿ ಹುಟ್ಟಿದ ಗಳಿಗೆ ಹಾಕಿ ನೋಡಿದನಂತೆ, ಅದು ಆಶ್ಲೇಷ ಎಂದು ತೋರಿಸಿತಂತೆ.

"ಎಲ್ಲಾ ಚಲೋ ಐತಿ ಅಕ್ಕ, ಆದ್ರ ನಿನ್ನ ಜೀವಕ್ಕಿಂತ ನಮಗ ಯಾವುದು ದೊಡ್ಡದು?"

"ಲೇ, ಪಕ್ಕದ ಮನಿ ಅಕ್ಕ ನೆನಪದಾಳೇನು ನಿನಗ? ಆಕಿ ಕೈತುತ್ತು ತಿಂದು ಬೆಳದೀಯಲ್ಲ?"

"ನೆನಪಿಲ್ಲದ ಏನು? ಅದಕ್ಕs ಅನ್ನಾಕತ್ತೀನಿ. ಆಕಿದೂ ಆಶ್ಲೇಷ ಇತ್ತಲ್ಲ."

ಈ ಹುಡುಗಿಯದು ನಿಜವಾದ ಆಶ್ಲೇಷವೇ ಇರಬಹುದು, ಇರಲಿ. ಬರುವ ಸೋಮವಾರ ಹುಡುಗಿ ನೋಡಲು ಹೋಗುತ್ತೇವೆ, ಬರುವುದಾದರೆ ಬಾ ಎಂದು ತಮ್ಮನಿಗೆ ಹೇಳಿದೆ. ಅವನು ಉಣ್ಣದೆ ಎದ್ದು ಹೋದ. ಆಗಿನಿಂದ ತವರಿನವರು ಒಬ್ಬರಾದ ಮೇಲೆ ಒಬ್ಬರು ಫೋನ್ ಮಾಡುತ್ತಿದ್ದಾರೆ, ನನಗೆ ಏನಾದರೂ ಆದರೆ ಹೇಗೆ ಎಂದು ಹೆದರುತ್ತಿದ್ದಾರೆ. ಸಕ್ಕರೆ ಕಾಯಿಲೆ, ಮಂಡಿನೋವು, ಐವತ್ತು ದಾಟಿದ ಈ ಜೀವದ ಮೇಲೆ ಎಷ್ಟೊಂದು ಜನಕ್ಕೆ ಕಾಳಜಿ! ಆ ಅಕ್ಕನಿಗೆ ಆಗ ಇಪ್ಪತ್ತೆರಡು. ಆಕೆಯ ಜೀವಕ್ಕೆ ಏನಾದರೂ ಆದೀತು ಎಂದು ಯಾರೂ ಹೆದರಲಿಲ್ಲ.